ನೋಟೀಸಿಗೆ ನಾನು ಸೇರಿಸಿದ ಮಾತು

ಜೋರು ದನಿ ಇದ್ದವನಿಗೆ ತಾನು ಹೇಳಿದ್ದೆಲ್ಲ ಸರಿ ಎಂಬ ಭ್ರಮೆ ಬಹಳ ಬೇಗ ಹುಟ್ಟುತ್ತದೆ. ನನಗಂತೂ ಅದು ಹುಟ್ಟಿ, ಬೆಳೆದು, ಪಿಂಚಣಿಯನ್ನೂ ತೆಗೆದುಕೊಂಡಿತು. ಮ್ಯಾಟ್ರಿಕ್ ಓದಿದ ನಾನು ವಿಜಯಪುರದ ಒಂದು ಕಾಲೇಜಿನಲ್ಲಿ ಸಿಪಾಯಿಯಾಗಿದ್ದೆ. ನೋಟೀಸು ಪುಸ್ತಕ ಹಿಡಿದು ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಓದಿ ಹೇಳುವುದು ನನ್ನ ಕೆಲಸ. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದಂತೆ; ನಾನು ಒಂದು ಕ್ಲಾಸಿನಲ್ಲಿ ಓದಿದರೆ ಆಚೀಚಿನ ಎರಡು ಕ್ಲಾಸಿನವರೂ ಬರೆದುಕೊಳ್ಳುತ್ತಿದ್ದರು. ಪ್ರಿನ್ಸಿಪಾಲರಿಗೂ ಇಲ್ಲದ ದನಿ ನನಗಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ಹೋದ ತಿಂಗಳು ಜಲನಗರದ ನಮ್ಮ ಮನೆಗೆ ಸುಜಾತಾ ಬಂದಳು. ಬಿಜ್ಜರಗಿಯ ಹುಡುಗಿ, ನಮ್ಮ ಕಾಲೇಜಿನಲ್ಲೇ ಓದಿದವಳು, ಈಗ ತಿಕೋಟಾದಲ್ಲಿ ಉಪನ್ಯಾಸಕಿ. "ಕಾಕಾ, ನಮ್ಮ ಲೆಕ್ಚರರಿಗೆ ಒಂದಿನ ತರಬೇತಿ ಇಟ್ಟೀನ್ರಿ. ಕ್ಲಾಸಿನ್ಯಾಗ ಯಾರಿಗರ ಅವಮಾನ ಆದ್ರ ಮಾತು ಹ್ಯಾಂಗ ತೆಗೀಬೇಕು ಅಂತ. ನೀವು ಬಂದು ಸ್ಕಾಲರ್‌ಶಿಪ್ಪಿನ ನೋಟೀಸು ಮೊದಲಿನಂಗ ಓದಬೇಕ್ರಿ" ಎಂದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾಸ್ತರರಿಗೆ ಕಲಿಸಲು ಸಿಪಾಯಿಗೆ ಕರೆ! ಇಷ್ಟು ವರ್ಷವಾದರೂ ಹುಡುಗಿ ನನ್ನ ದನಿ ಮರೆತಿಲ್ಲವಲ್ಲ! ಮೂರು ದಿನ ಬಚ್ಚಲಲ್ಲಿ ನಿಂತು ದನಿ ಹದಮಾಡಿದೆ. "ಬಾಜೂ ಮನಿ ಕೂಸು ಅಳಾಕತ್ತೈತಿ, ಸಾಕ್ ಮಾಡ್ರಿ" ಎಂದು ಹೆಂಡತಿ ಬಾಗಿಲು ಬಡಿದಳು. ಕಲೆಯ ಬೆಲೆ ಮನೆಯವರಿಗೆ ಎಲ್ಲಿ ತಿಳಿಯುತ್ತದೆ?

ತಿಕೋಟಾದಲ್ಲಿ ಉಪನ್ಯಾಸಕರೇ ಹುಡುಗ ಹುಡುಗಿಯರಾಗಿ ಬೆಂಚಿನಲ್ಲಿ ಕುಳಿತಿದ್ದರು. ಒಬ್ಬರು ಮಾತ್ರ ಪಾಠ ಹೇಳುವವರಂತೆ ಹಲಗೆಯ ಮುಂದೆ ನಿಂತಿದ್ದರು. ನಾನು ಬಾಗಿಲಲ್ಲಿ ನಿಂತು, ಎದೆ ತುಂಬ ಉಸಿರೆಳೆದು, "ಎಸ್.ಸಿ. ಸ್ಕಾಲರ್‌ಶಿಪ್ಪಿನವರು ಆಫೀಸಿಗೆ ಬರ್ರಿ! ಯಾರ್ಯಾರು ಅದೀರಿ, ಎದ್ದ ನಿಲ್ರಿ!" ಎಂದೆ. ಒಬ್ಬ ಉಪನ್ಯಾಸಕಿ ತಲೆ ತಗ್ಗಿಸಿ ಎದ್ದು ನಿಂತರು. ಹಿಂದಿನ ಬೆಂಚು ಕಿಸಕ್ಕೆಂದು ನಕ್ಕಿತು. ನನ್ನನ್ನು ಮೆಚ್ಚಿದರೆಂದು ನಾನೂ ನಕ್ಕೆ.

"ಈಗ ಏನ್ ಮಾಡ್ತೀರಿ, ಸರ್?" ಎಂದು ಸುಜಾತಾ ಹಲಗೆಯ ಮುಂದಿದ್ದವರನ್ನು ಕೇಳಿದಳು.

"ಕಾಕಾನ್ನ ಗದರಿಸಿ ಕಳಸ್ತೀನ್ರಿ."

"ಕಾಕಾ ಹೋಗ್ತಾರ್ರಿ. ನಿಂತಾಕಿ ಇನ್ನೂ ನಿಂತಾಳಲ್ಲ? ಮೊದಲು ಆಕಿನ್ನ ಕುಂದ್ರಸ್ರಿ. ಆಮ್ಯಾಲೆ ಕುಂತವರನ್ನ ಕೇಳ್ರಿ, ಯಾಕ ನಕ್ರಿ ಅಂತ."

ನನ್ನ ಮುಖದ ನಗು ಇಳಿದದ್ದನ್ನು ಕಂಡು ಒಬ್ಬರು, "ನೋಟೀಸು ಹಂಗ ಇದ್ರ ಪಾಪ ಕಾಕಾ ಏನ್ ಮಾಡ್ಬೇಕ್ರಿ?" ಎಂದು ನನ್ನ ಪರ ನಿಂತರು.

ಇಲ್ಲಿ ನಿಮಗೆ ನಿಜ ಹೇಳಲೇಬೇಕು. ನೋಟೀಸಿನಲ್ಲಿ ಆಫೀಸಿಗೆ ಬರಬೇಕು ಎಂದಷ್ಟೇ ಇರುತ್ತಿತ್ತು. 'ಎದ್ದು ನಿಲ್ಲಿ' ಎಂಬುದು ನನ್ನ ಸ್ವಂತ ಸೇರ್ಪಡೆ. ನಿಲ್ಲಿಸಿ ಒಮ್ಮೆಗೇ ಹೆಸರು ಬರೆದುಕೊಂಡರೆ ಇನ್ನೊಮ್ಮೆ ಮೆಟ್ಟಿಲು ಹತ್ತುವುದು ತಪ್ಪುತ್ತಿತ್ತು. ನನ್ನ ಮೊಣಕಾಲಿನ ಸುಖಕ್ಕೆ ಮಕ್ಕಳನ್ನು ನಿಲ್ಲಿಸುತ್ತಿದ್ದೆ.

"ಆಗ ನಮ್ಮ ಕ್ಲಾಸಿನ್ಯಾಗ ಒಬ್ಬಾಕಿ ಏಳಲಿಲ್ರಿ," ಎಂದಳು ಸುಜಾತಾ, ನನ್ನತ್ತ ನೋಡದೆ. "ಅರ್ಜೀನೂ ತುಂಬಲಿಲ್ಲ. ಫೀ ಕಟ್ಟಾಕ ಅವರವ್ವ ಎರಡು ಆಡು ಮಾರಿದ್ಳು. ಆಕಿ ನಾನ ಇದ್ದೆ."

ಅವಳು ನನ್ನ ದನಿ ಯಾಕೆ ಮರೆತಿರಲಿಲ್ಲ ಎಂದು ಆಗ ತಿಳಿಯಿತು. ಕೈ ಮುಗಿದು, "ತಪ್ಪಾತವ್ವಾ! ನೋಟೀಸಿನ್ಯಾಗ ಹಂಗಿರಲಿಲ್ಲ! ನಾನ ಸೇರಿಸಿದ್ದೆ!" ಎಂದೆ. ಹೊರಗೆ ವಾಲಿಬಾಲ್ ಆಡುತ್ತಿದ್ದವರು ಆಟ ಬಿಟ್ಟು ಕಿಟಕಿಗೆ ಬಂದರು.

"ಕಾಕಾ, ಮೆಲ್ಲಕ ಹೇಳ್ರಿ," ಎಂದಳು. "ನನಗ ಹೇಳಾಕತ್ತೀರಿ, ತಿಕೋಟಾಕ್ಕಲ್ಲ."

ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. ಅವಳು ಕುರ್ಚಿ ಎಳೆದು, "ಕುಂದ್ರಿ. ಮುಂದಿನ ವಾರ ಬಬಲೇಶ್ವರದಾಗೂ ಈ ತರಬೇತಿ ಐತಿ. ಅಲ್ಲೂ ಬರ್ರಿ" ಎಂದಳು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಆದರೂ ನನ್ನ ಎದೆ ಕುಣಿಯಿತು.

ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ, "ಏನಂದ್ರಿ ಕಾಕಾ? ಇಲ್ಲಿ ಕೇಳಲಿಲ್ರಿ, ಜೋರಾಗಿ ಹೇಳ್ರಿ!" ಎಂದರು.

ನನ್ನ ಬಾಯಿ ಆಗಲೇ ತೆರೆದಿತ್ತು. ನಾನೇ ಅದಕ್ಕೆ ಕೈ ಅಡ್ಡ ಹಿಡಿದೆ.