ಮಾರ್ಕ್ಸ್ ಕಾರ್ಡ್ ಬೇಡ, ಕೈಕೆಲಸ ತೋರಿಸಿ

ಡಿಗ್ರಿ ಬೇಡ, ಕೆಲಸ ಬಂದರೆ ಸಾಕು ಎನ್ನುವ ಸರ್ಕಾರಿ ಹುದ್ದೆಗೆ ಪರೀಕ್ಷೆ ನಡೆದ ದಿನ ಏನಾದರೊಂದು ಎಡವಟ್ಟು ಆಗಲೇಬೇಕು. ಮೂವತ್ತು ವರ್ಷ ಭದ್ರಾವತಿಯಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸಿ ನಿವೃತ್ತನಾದ ನನ್ನನ್ನು ಇಂಥ ಪರೀಕ್ಷೆಗಳಿಗೆ ಈಗಲೂ ಕರೆಯುತ್ತಾರೆ. ಹೋಗಿ ನಕ್ಕು ಬರುತ್ತೇನೆ.

ಕಳೆದ ವರ್ಷ ಶಿವಮೊಗ್ಗದ ಕಚೇರಿಯೊಂದು ಕರೆದಾಗ ಮಾತ್ರ ನಗು ಬರಲಿಲ್ಲ. ನೀರು ಬಿಡುವ ಹುದ್ದೆಯ ಪಟ್ಟಿಯಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಹೆಸರಿತ್ತು. ಅಪ್ಪ ತೀರಿಕೊಂಡರೆಂದು ಮೂರೇ ತಿಂಗಳಿಗೆ ಐಟಿಐ ಬಿಟ್ಟವನು, ಹದಿನಾಲ್ಕು ವರ್ಷದಿಂದ ಗಾಂಧಿ ಬಜಾರಿನ ಸುತ್ತಮುತ್ತ ದಿನಗೂಲಿಗೆ ನೀರು ಬಿಡುತ್ತಿದ್ದ. ವಯಸ್ಸಿನ ಮಿತಿ ಇನ್ನೇನು ದಾಟುವುದರಲ್ಲಿತ್ತು. ಈ ಸಲ ತಪ್ಪಿದರೆ ಖಾಯಂ ನೌಕರಿಯ ಆಸೆಯನ್ನೇ ಬಿಡಬೇಕು. ಅವನಿಗೇನಾಯಿತು ಅಂತ ಹೇಳುತ್ತೇನೆ. ಮೊದಲು ನನ್ನದು ಕೇಳಿ.

೧. ಚೌಕ

ಇಪ್ಪತ್ತರ ವಯಸ್ಸಿನಲ್ಲಿ ಇಸ್ತ್ರಿ ಶರಟು ಹಾಕಿಕೊಂಡು, ನ್ಯೂ ಟೌನಿನಿಂದ ಸೈಕಲ್ ತುಳಿದು ಕಾರ್ಖಾನೆಯೊಂದಕ್ಕೆ ಕೆಲಸ ಕೇಳಲು ಹೋಗಿದ್ದೆ. ಅಲ್ಲಿದ್ದ ತಮಿಳು ಫೋರ್‌ಮನ್ ನನ್ನ ಸರ್ಟಿಫಿಕೇಟಿನ ಫೈಲನ್ನು ತೆರೆದೂ ನೋಡದೆ ಅದರ ಮೇಲೆ ಟೀ ಲೋಟ ಇಟ್ಟರು. ಒಂದು ಕಬ್ಬಿಣದ ತುಂಡು, ಒಂದು ಅರ ನನ್ನ ಕೈಗೆ ಕೊಟ್ಟು, "ತಂಬಿ, ಇದನ್ನ ಉಜ್ಜಿ ಚೌಕ ಮಾಡು" ಎಂದರು.

ಊಟದ ಹೊತ್ತಿನವರೆಗೆ ಉಜ್ಜಿದೆ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವರು ತುಂಡಿಗೆ ಮೂಲೆಮಟ್ಟ ಹಿಡಿದು ಬಿಸಿಲಿಗೆ ಎತ್ತಿದರು. ನಡುವಿನ ಸಂದಿಯಲ್ಲಿ ಬೆಳಕು ಧಾರಾಳವಾಗಿ ಕಾಣುತ್ತಿತ್ತು.

"ಚೌಕ ಮಾಡಪ್ಪಾ ಅಂದ್ರೆ ಕಿಟಕಿ ಮಾಡಿದೀಯಲ್ಲ!"

ನಾನು ತುಂಡು ಇಸಿದುಕೊಂಡು ಮತ್ತೆ ಉಜ್ಜಲು ಕೂತೆ. ಅದನ್ನು ನೋಡಿಯೇ ಕೆಲಸ ಕೊಟ್ಟರಂತೆ. ಆ ಮನುಷ್ಯ ಈಗಿಲ್ಲ. ಐಟಿಐಗೆ ಮೇಷ್ಟ್ರಾದ ಮೇಲೆ ಪ್ರತಿ ವರ್ಷ ಹೊಸ ಹುಡುಗರಿಗೆ ಅರ ಕೊಡುವಾಗ ಅವರ ನೆನಪಾಗುತ್ತಿತ್ತು. ಆ ಫೈಲು ಮಾತ್ರ ಇನ್ನೂ ನನ್ನ ಬೀರುವಿನಲ್ಲಿದೆ. ಸರ್ಟಿಫಿಕೇಟಿನ ಅಕ್ಷರ ಮಾಸಿದೆ, ರಟ್ಟಿನ ಮೇಲಿನ ಟೀ ಕಲೆ ಮಾಸಿಲ್ಲ.

೨. ಅಡುಗೆಯವರ ಪರೀಕ್ಷೆ

ಒಂದು ಸಲ ಹಾಸ್ಟೆಲಿನ ಅಡುಗೆ ಹುದ್ದೆಗೆ ಪರೀಕ್ಷೆ. ಏಳನೇ ಕ್ಲಾಸು ಸಾಕಿತ್ತು. ಒಲೆ ಸರಿಯಿದೆಯೋ ಇಲ್ಲವೋ ನೋಡುವುದು ನನ್ನ ಪಾಲು. ತೆಳ್ಳಗಿನ ಹುಡುಗನೊಬ್ಬ ಬಂದು ಒಲೆಯ ಮೇಲೆ ಅನ್ನಕ್ಕಿಟ್ಟ. "ಎಷ್ಟು ಓದಿದೀಯಪ್ಪ?" ಎಂದೆ.

"ಏಳೇ ಸಾರ್. ದೇವರಾಣೆಗೂ ಮುಂದೆ ಓದಿಲ್ಲ."

ಕಿಟಕಿಯಾಚೆ ನಿಂತಿದ್ದ ಅವನ ಅಪ್ಪನಿಗೆ ತಡೆಯಲಾಗಲಿಲ್ಲ. "ಸುಳ್ಳು ಸಾರ್! ಎಂ.ಎ. ಮಾಡಿದಾನೆ! ಫಸ್ಟ್ ಕ್ಲಾಸು!"

ಒಂದು ಕಾಲದಲ್ಲಿ ಇಲ್ಲದ ಡಿಗ್ರಿ ಇದೆ ಎನ್ನುತ್ತಿದ್ದರು. ಈಗ ಇರುವುದನ್ನು ಬಚ್ಚಿಡುತ್ತಾರೆ. ಹುಡುಗನ ಮುಖ ಸಣ್ಣದಾಯಿತು. ಓದಿದ್ದು ತಪ್ಪಲ್ಲ ಬಿಡು ಎಂದು ಸಮಾಧಾನ ಹೇಳಿ, "ಅನ್ನ ಬೆಂದಿದೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದೆ. ಹುಡುಗ ನೆಟ್ಟಗೆ ನಿಂತು, "ಇದಕ್ಕೆ ಮುಖ್ಯವಾಗಿ ಮೂರು ಲಕ್ಷಣಗಳಿವೆ" ಎಂದು ಶುರುಮಾಡಿದ. ಎರಡನೆಯದಕ್ಕೆ ಬರುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಪರೀಕ್ಷೆಗೆ ನಿಂತಿದ್ದ ಹೆಂಗಸು ಸೌಟು ಎತ್ತಿದಳು.

"ಮಾರಾಯಾ, ಮೂರನೇದು ಆಮೇಲೆ ಹೇಳು. ನಿನ್ನ ಅನ್ನ ತಳ ಹಿಡೀತಾ ಇದೆ!"

೩. ನೀರು ಬಿಡುವವನು

ಈಗ ನನ್ನ ಶಿಷ್ಯ. ಬೆಳಗ್ಗೆ ಏಳಕ್ಕೇ ಬಂದು ಸಾಲಿನಲ್ಲಿ ಮೊದಲನೆಯವನಾಗಿ ನಿಂತಿದ್ದ. ನನ್ನನ್ನು ನೋಡಿ ಕೈ ಮುಗಿದ. ಗುರುತು ಹಿಡಿದರೂ ಹಿಡಿಯದವನ ಹಾಗೆ ಕೂತೆ, ಪರೀಕ್ಷಕ ಶಿಫಾರಸು ಮಾಡಬಾರದಲ್ಲ.

ಎಂಟಕ್ಕೆ ಸಂದರ್ಶನ ಶುರುವಾಯಿತು. ಅಧ್ಯಕ್ಷರಾಗಿ ಕೂತಿದ್ದ ಸಾಹೇಬರು ಕಟ್ಟುನಿಟ್ಟಿನ ಮನುಷ್ಯ. "ಡಿಗ್ರಿ ಬೇಡ, ಸರಿ. ಅನುಭವದ ಪತ್ರ ಎಲ್ಲಿ?"

"ದಿನಗೂಲಿಯವ್ರಿಗೆ ಕೊಡಲ್ವಂತೆ ಸಾರ್."

"ಮತ್ತೆ ಹದಿನಾಲ್ಕು ವರ್ಷ ನೀನೇ ನೀರು ಬಿಟ್ಟೆ ಅನ್ನೋಕೆ ಸಾಕ್ಷಿ?"

ಸಾಹೇಬರು ಹೆಸರು ಹೊಡೆದುಹಾಕಲು ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಮನೆಯಿಂದ. ಹೆಂಡತಿಯ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಏನ್ರೀ, ಏಳೂವರೆಗೆ ಬರೋ ನೀರು ಇನ್ನೂ ಬಂದಿಲ್ಲ! ನಾವು ಈ ಮನೆಗೆ ಬಂದಾಗಿನಿಂದ ನೀರು ಬಿಡೋನು ಒಂದು ದಿನವೂ ತಪ್ಪಿಸಿದವನಲ್ಲ. ಇವತ್ತೆಲ್ಲಿ ಹಾಳಾಗಿ ಹೋದ?"

ಸಾಹೇಬರು ಮೆಲ್ಲಗೆ ಎದುರಿಗಿದ್ದವನನ್ನು ನೋಡಿದರು. "ನಮ್ಮ ಬೀದಿಗೂ ನೀನೇನಾ?"

"ಹೌದು ಸಾರ್."

"ಬೇರೆ ಯಾರಿಗಾದ್ರೂ ಹೇಳಿ ಬರಬಾರದಾ?"

ಅವನು ಕುರ್ಚಿಯ ಕೆಳಗಿನಿಂದ ಆಳೆತ್ತರದ ಕಬ್ಬಿಣದ ಕೀಲಿ ಎಳೆದ. "ಹೇಳಿದ್ದೆ ಸಾರ್. ಆದ್ರೆ ವಾಲ್ವ್ ತಿರುಗಿಸೋ ಕೀಲಿ ಇರೋದು ಇದೊಂದೇ. ಪರೀಕ್ಷೆಗೆ ಕರೆದ ನಿಮ್ಮ ಕಾಗದದಲ್ಲಿ ಸಲಕರಣೆ ತಪ್ಪದೆ ತರಬೇಕು ಅಂತ ಬರೆದಿತ್ತು."

ಕಾಗದ ಬರೆದುಕೊಟ್ಟವನು ನಾನೇ. ಸುಮ್ಮನೆ ಫ್ಯಾನು ನೋಡಿದೆ.

ಸಾಹೇಬರು ಹೊಡೆದುಹಾಕಲು ತೆಗೆದ ಪೆನ್ನಿನಲ್ಲೇ 'ಅನುಭವ ಖಚಿತವಾಗಿದೆ' ಎಂದು ಬರೆದರು. "ಏಳು, ಓಡು, ನೀರು ಬಿಡು!"

ಅವನು ಅಲ್ಲಾಡಲಿಲ್ಲ. "ಪ್ರಾಕ್ಟಿಕಲ್ ಬಾಕಿ ಇದೆಯಲ್ಲ ಸಾರ್? ಹೋದ್ರೆ ಗೈರುಹಾಜರಿ ಹಾಕಿಬಿಡ್ತೀರಿ."

"ಅದೇ ಮಾರಾಯಾ ಪ್ರಾಕ್ಟಿಕಲ್ಲು! ಮೇಷ್ಟ್ರೇ, ಗಡಿಯಾರ ನೋಡ್ಕೊಳ್ಳಿ."

ಕೀಲಿಯನ್ನು ಹೆಗಲಿಗೇರಿಸಿ ಓಡಿದ. ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನು ಬಂತು. ಸಾಹೇಬರು "ಹೂಂ, ಹೂಂ" ಎಂದು ಕೇಳಿ ಇಟ್ಟರು. ನಾನು ಅಂಕಪಟ್ಟಿ ಹಿಡಿದು, "ಎಷ್ಟು ಹಾಕಲಿ ಸಾರ್? ಪಾಸಾದನೇ?" ಎಂದೆ.

"ಪಾಸೇನ್ರೀ! ಟ್ಯಾಂಕು ತುಂಬಿ ಅಂಗಳಕ್ಕೆ ಹರೀತಾ ಇದೆಯಂತೆ. ಡಿಸ್ಟಿಂಕ್ಷನ್ ಹಾಕಿ!"