ತಂಗಿ ಕಳಿಸಿದ ಗುಲಾಬಿಗಳು

ಟೈಲರ್ ಅಕ್ಕನಿಗೆ ಗುಲಾಬಿ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಪಾಪ, ಗುಲಾಬಿಯದೇನೂ ತಪ್ಪಿರಲಿಲ್ಲ. ಹಿಂದಿನ ಬೀದಿಯಲ್ಲೇ ಇರುವ ಒಡಹುಟ್ಟಿದ ತಂಗಿ ದಿನ ಬೆಳಗಾದರೆ ಫೋನಿಗೆ ಒಂದು ಗುಲಾಬಿ ಚಿತ್ರ ಕಳಿಸುತ್ತಿದ್ದಳು. ಅಲ್ಲಿಗೆ ಸಹೋದರಿಯರ ಅಂದಿನ ಕಲಾಪ ಮುಕ್ತಾಯ. ಮೊದಲೆಲ್ಲ ವಾರವಾರ ಬಂದು, ಹೊಲಿಗೆ ಮೆಷಿನ್ ಪಕ್ಕ ಕೂತು ಬೀದಿಯವರ ಸುದ್ದಿಯನ್ನೆಲ್ಲ ಉದುರಿಸಿ (ಹೋಗುವಾಗ ಒಳ್ಳೆಯ ಕತ್ತರಿಯನ್ನೂ ಎತ್ತಿಕೊಂಡು) ಹೋಗುತ್ತಿದ್ದವಳು ಈಚೆಗೆ ಪತ್ತೆಯೇ ಇಲ್ಲ.

ನೀನೇ ಹೋಗಿ ನೋಡಬಾರದಾ ಎಂದು ಗಂಡ ಮೆಲ್ಲಗೆ ಸೂಚಿಸಿದ. ದೊಡ್ಡವಳು ನಾನು, ನಾನ್ಯಾಕೆ ಹೋಗಲಿ ಎಂದು ಅಕ್ಕ ಗುಡುಗಿದಳು. ತಂಗಿಯಿಂದ ಮಾರುದ್ದದ ಧ್ವನಿ ಸಂದೇಶಗಳೂ ಬರುತ್ತಿದ್ದವು. ಮಾತಾಡುವುದಿದ್ದರೆ ಎದುರಿಗೆ ಬಂದು ಮಾತಾಡಲಿ ಎಂಬ ಹಟಕ್ಕೆ ಅಕ್ಕ ಒಂದನ್ನೂ ಕೇಳಲಿಲ್ಲ. ಮರ್ಯಾದೆಗೆ ಬೆರಳಿಗೆ ಸಿಕ್ಕ ಯಾವುದಾದರೊಂದು ಕೈ ಇಮೋಜಿಯನ್ನು ನೋಡದೆ ಒತ್ತಿ ಕಳಿಸಿ, ಮತ್ತೆ ಮೆಷಿನ್ ತುಳಿಯುತ್ತಿದ್ದಳು.

ಆ ದಿನ ಮತ್ತೊಂದು ಗುಲಾಬಿ ಬಂದಾಗ ಅವಳ ಸಹನೆಯ ಕಟ್ಟೆ ಒಡೆಯಿತು. ಯಾರದೋ ಕೋಟಿನ ಹೊಲಿಗೆಯನ್ನು ಒಂದೇ ತೋಳಿಗೆ ನಿಲ್ಲಿಸಿ, ಕೊರಳಲ್ಲಿ ಅಳತೆ ಟೇಪು ತೂಗಾಡುತ್ತಿದ್ದಂತೆಯೇ ಹೊರಟಳು. ಫೋನು ಬಂದಮೇಲೆ ರಕ್ತಸಂಬಂಧಕ್ಕೆ ಬೆಲೆಯೇ ಇಲ್ಲವಾಯಿತೆಂದು ತಂಗಿಯ ಮುಖಕ್ಕೆ ಹೊಡೆದಂತೆ ಹೇಳುವ ಭಾಷಣವನ್ನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಳು.

ಬಾಗಿಲು ತೆರೆದೇ ಇತ್ತು. ತಂಗಿ ಮಂಚದ ಮೇಲೆ, ತಂಗಿಯ ಬಲಗಾಲು ತೊಡೆಯವರೆಗೆ ಪ್ಲಾಸ್ಟರಿನಲ್ಲಿ. ಅಕ್ಕ ಭಾಷಣ ಬಿಟ್ಟು ಮಂಚದ ಬಳಿಗೆ ಓಡಿದಳು.

"ಏನೇ ಇದು? ನಂಗೊಂದು ಮಾತು ಹೇಳಬಾರದಿತ್ತಾ?"

ತಂಗಿಯ ಮುಖ ಕೆಂಡವಾಯಿತು. "ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಆಸ್ಪತ್ರೆಯಿಂದಲೇ ಅಳ್ತಾ ಹೇಳಿದ್ದೆ. ನೀನು ಚಪ್ಪಾಳೆ ಹೊಡೆದೆ."

ಅಕ್ಕನಿಗೆ ತಾನು ನೋಡದೆ ಒತ್ತಿದ ಕೈ ಇಮೋಜಿಗಳು ನೆನಪಾದವು. ತಂಗಿ ಬಿಡಲಿಲ್ಲ. ಮೂಳೆ ಮುರಿದಿದೆ ಎಂದಾಗ ಅಕ್ಕ ಹೆಬ್ಬೆರಳು ಎತ್ತಿದ್ದಳಂತೆ. ಒಂದು ಸಲ ಬಂದು ಹೋಗೇ ಎಂದು ಅಂಗಲಾಚಿದಾಗ ಕೈ ಮುಗಿದಿದ್ದಳಂತೆ. ಖುದ್ದಾಗಿ ಹೇಳಿ ಬರುತ್ತೇನೆಂದು ಚಪ್ಪಲಿ ಮೆಟ್ಟಿದ ತನ್ನ ಗಂಡನನ್ನು, ಕೈ ಮುಗಿದವಳ ಮನೆಗೆ ಹೋಗಬೇಡಿ ಎಂದು ತಂಗಿಯೇ ತಡೆದಿದ್ದಳು.

"ಮತ್ತೆ ಗುಲಾಬಿ ಯಾಕೆ ಕಳಿಸ್ತಿದ್ದೆ?"

"ಬದುಕಿದ್ದೀನಿ ಅಂತ ನಿಂಗೆ ಗೊತ್ತಾಗ್ಲಿ ಅಂತ."

ಅಕ್ಕನಿಗೆ ನಾಚಿಕೆಯೂ ಅಳುವೂ ಒಟ್ಟಿಗೆ ಬಂದವು. ಬೈಯಲು ಬಂದವಳಿಗೆ ಈಗ ಬೈಯಲು ತನ್ನನ್ನು ಬಿಟ್ಟರೆ ಯಾರೂ ಉಳಿದಿರಲಿಲ್ಲ. ಎಲ್ಲ ಸಂದೇಶವನ್ನೂ ಈಗಲೇ ಕೇಳುತ್ತೇನೆಂದು ಫೋನು ತೆಗೆದಳು. ತಂಗಿ ಅದನ್ನು ಕಿತ್ತುಕೊಂಡು ದಿಂಬಿನಡಿ ತುರುಕಿದಳು.

"ಎದುರಿಗೇ ಇದ್ದೀನಲ್ಲ, ನನ್ನನ್ನೇ ಕೇಳು. ಕೂತ್ಕೋ."

ಕಥೆ ಬಚ್ಚಲಿನ ಸೋಪಿನಿಂದ ಶುರುವಾಯಿತು. ಅಕ್ಕ ನಡುವೆ ಬಾಯಿ ಹಾಕಿದಾಗಲೆಲ್ಲ ತಂಗಿ ಸಿಟ್ಟಿನಿಂದ ಮತ್ತೆ ಸೋಪಿಗೇ ಮರಳುತ್ತಿದ್ದಳು. ಹೊತ್ತು ಇಳಿಯಿತು, ಕಥೆ ಇನ್ನೂ ಬಚ್ಚಲು ದಾಟಿರಲಿಲ್ಲ. ಅಕ್ಕ ಎದ್ದು ಆ ಕಾಲಿನಡಿಗೆ ಇನ್ನೊಂದು ದಿಂಬು ಕೊಟ್ಟು, ಮತ್ತೆ ಕೂತು, "ಆಮೇಲೆ?" ಅಂದಳು.