ನಾಲಿಗೆಯ ನತ್ತು

ಕಿವಿ ಚುಚ್ಚಿಸಿಕೊಂಡು ಬರುತ್ತೇನೆಂದು ಹಾಸನಕ್ಕೆ ಹೋದ ಆಟೋ ಮೋಹನ್‌ಕುಮಾರ, ನಾಲಿಗೆ ಚುಚ್ಚಿಸಿಕೊಂಡು ಚನ್ನರಾಯಪಟ್ಟಣಕ್ಕೆ ಬಂದ. ಕಾರಣ ಬೇರೇನಲ್ಲ, ಅವನ ಹಾಳು ಸಿಟ್ಟು. ಅಂಗಡಿಯವನು ಗೋಡೆಯ ಮೇಲಿನ ಫೋಟೋ ತೋರಿಸಿ, "ಇದು ನಾಲ್ಗೇದು. ನಿಮ್ ಕೈಲಾಗಲ್ಲ ಬುಡಣ್ಣ, ಸ್ಯಾನೆ ನೋಯ್ತದೆ" ಅಂದುಬಿಟ್ಟಿದ್ದ.

"ಯಾರ್ ಕೈಲಾಗಲ್ಲ ಅಂದೆ? ಚುಚ್ಲಾ!" ಎಂದು ಮೋಹನ ಅಲ್ಲೇ ನಾಲಿಗೆ ಚಾಚಿದ.

ಚುಚ್ಚಿದ ಮೇಲೆ ಅಂಗಡಿಯವನು ಬುದ್ಧಿ ಹೇಳಿದ. "ನಾಳಿಕೆ ಊತ್ಕತದೆ, ಅದ್ಕೇ ಉದ್ದನೆ ಕಡ್ಡಿ ಆಕಿವ್ನಿ. ಉಪ್ಪುನೀರು ಮುಕ್ಕಳಿಸ್ತಾ ಇರಿ. ಖಾರ ಬ್ಯಾಡ, ಬಿಸಿ ಬ್ಯಾಡ. ಗಾಯ ಮಾಯೋಗಂಟ ಬಿಚ್ಬ್ಯಾಡಿ, ತೂತು ಮುಚ್ಕಂಡ್ಬುಡ್ತದೆ. ಮಾತು ಕಮ್ಮಿ ಮಾಡಿ. ಕ್ವಾಪಾನೂ ಅಷ್ಟೇ." ಕೊನೆಯೆರಡು ಮಾತು ಮೋಹನನ ಕಿವಿಗೆ ಬೀಳಲೇ ಇಲ್ಲ.

ಬೆಳಗಾಗುವಷ್ಟರಲ್ಲಿ ನಾಲಿಗೆ ಟೀಯಲ್ಲಿ ನೆನೆಸಿದ ಬನ್ನಿನಂತೆ ಊದಿ ಬಾಯಿ ತುಂಬಿಕೊಂಡಿತ್ತು. ಅದೇ ದಿನ ಓಣಿ ಅಳೆಯಲು ಸರ್ವೆ ಮೇಡಂ ಬರುವವರಿದ್ದರು. ಓಣಿಯ ತುದಿಯಲ್ಲಿ ಮೋಹನನ ಮನೆ. ಪಕ್ಕದ ಮನೆಯ ಪರಮೇಶ್ ಜಗಲಿ ಕಟ್ಟುವ ನೆಪದಲ್ಲಿ ಗಡಿಯ ಬಾಂದುಕಲ್ಲನ್ನು ಓಣಿಯೊಳಕ್ಕೆ ಸರಿಸಿ ನೆಟ್ಟಿದ್ದ. ಕನ್ನಡಿ ಮಡಚಿದರಷ್ಟೇ ಆಟೋ ಹೊರಗೆ ಬರುತ್ತಿತ್ತು. ಕಲ್ಲು ಇನ್ನೊಂದು ಗೇಣು ಸರಿದರೆ ಆಟೋ ಒಳಗೇ ಉಳಿಯುತ್ತದೆ. ಆಟೋ ಈಚೆಗೆ ಬಾರದಿದ್ದರೆ ಬೆಳಗೊಳದ ಯಾತ್ರಿಕರಿಲ್ಲ, ಒಲೆ ಉರಿಯುವುದಿಲ್ಲ. ಮೇಡಂ ಮುಂದೆ ಪರಮೇಶಿಯ ಮಾನ ಹರಾಜು ಹಾಕಲು ಮೋಹನ ವಾರದಿಂದ ಮಾತು ಜೋಡಿಸಿಟ್ಟುಕೊಂಡಿದ್ದ. ಈಗ ನೋಡಿದರೆ ಬಾಯಿಯೇ ಇಲ್ಲ!

ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದ ಪರಮೇಶ್ ಅವನನ್ನು ಕಂಡು, "ಏನ್ಲಾ ಮೋಹನ, ಇವತ್ತು ಸದ್ದೇ ಇಲ್ಲ?" ಎಂದು ನಕ್ಕ.

ಮೋಹನನಿಗೆ ಪಿತ್ತ ನೆತ್ತಿಗೇರಿತು. "ಥುಳ್ಳ ನನ್ ಮಗ್ನೆ! ಓಣಿ ನಿಮ್ಮಪ್ಪಂದೇನ್ಲಾ!" ಎಂದು ಅರಚಿದ. ಅರ್ಧ ಮಾತು, ಅರ್ಧ ಜೊಲ್ಲು. ತೆರೆದ ಬಾಯೊಳಗೆ ಕಡ್ಡಿಯ ತುದಿಯ ಬೆಳ್ಳಗಿನ ಗುಂಡು ಬಿಸಿಲಿಗೆ ಫಳಕ್ಕೆಂದಿತು.

ಎದುರುಮನೆಯ ನೀಲಗಂಗಮ್ಮನ ಕೈಯಿಂದ ರಂಗೋಲಿ ಡಬ್ಬಿ ಬಿತ್ತು. "ಅಯ್ಯೋ ನಮ್ಮವ್ವ! ಮೋಹನ ಬಾಯಿಬೀಗ ಆಕಿಸ್ಕಂಡವ್ನೆ ಕಣ್ರೋ!"

ಅಮ್ಮನವರಿಗೆ ಹರಕೆ ಹೊತ್ತವರು ಬಾಯಿಗೆ ಸರಳು ಚುಚ್ಚಿಸಿಕೊಳ್ಳುವುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಬೀಗ ಹಾಕಿಸಿಕೊಂಡವನು ಸಾಮಾನ್ಯ ಮನುಷ್ಯನಲ್ಲ, ಅವನ ಕಾಲು ತೊಳೆಯಬೇಕು. ಗಳಿಗೆಯಲ್ಲಿ ಬೀದಿಗೆ ಬೀದಿಯೇ ಚೊಂಬು ಹಿಡಿದು ಬಂತು. ಒಳಗಿಂದ ಓಡಿಬಂದ ತಾಯಿ ಲಕ್ಕಮ್ಮ ಮಗನ ಗಲ್ಲ ಹಿಡಿದು ಬಾಯೊಳಗೆ ಇಣುಕಿ, ಆನಂದದಿಂದ ಅತ್ತೇಬಿಟ್ಟಳು. "ಈ ನನ್ ಮಗನ್ ಬಾಯಿ ಮುಚ್ಸು ತಾಯಿ ಅಂತ ಎಷ್ಟ್ ವರ್ಸದಿಂದ ಬೇಡ್ಕಂಡಿದ್ನೋ! ಕಡೀಗೂ ಕಣ್ ಬುಟ್ಳು!"

"ಅರಕೆ ಅಲ್ಲ ಕಣವ್ವಾ! ಥ್ಟೈಲಿಗೆ ಆಕಿಥ್ಕಂಡಿದ್ದು!" ಎಂದು ಮೋಹನ ನೆಲ ಒದ್ದ. ಕಣ್ಣು ಕೆಂಪಗಾಗಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

"ಅಮ್ನೋರು ಮೈಮೇಲ್ ಬಂದ್ರು! ಬೇವಿನ್‌ಸೊಪ್ಪು ತತ್ತಾ!" ಎಂದಳು ನೀಲಗಂಗಮ್ಮ. ತಲೆಯ ಮೇಲೆ ಒಂದು ಕೊಡ ಅರಿಶಿನದ ನೀರು ಬಿತ್ತು. ಅವನು ಬೈದಷ್ಟೂ ಜನ ಕೈಮುಗಿದರು, ಕೈಮುಗಿದಷ್ಟೂ ಅವನು ಬೈದ.

ಅಷ್ಟರಲ್ಲಿ ಸರ್ವೆ ಮೇಡಂ ಯಶಸ್ವಿನಿ ಟೇಪು ಹಿಡಿದು ಬಂದರು. ಮೋಹನ ಜನರನ್ನು ನೂಕಿಕೊಂಡು ಓಡಿದ. ಹೇಳಲು ಬಾಯಿಲ್ಲದಿದ್ದರೇನು, ಕೈ ಇದೆಯಲ್ಲ! ಬಾಂದುಕಲ್ಲನ್ನು ತಬ್ಬಿ ಅಲ್ಲಾಡಿಸಿ ಕಿತ್ತೇಬಿಟ್ಟ. ಮೊದಲಿದ್ದ ಜಾಗದಲ್ಲಿ ಕುಕ್ಕಿ ತೋರಿಸೋಣವೆಂದು ಹೊತ್ತು ಹೊರಟ.

"ತಾಯೀ, ಶಾಂತಳಾಗು!" ಎಂದು ನೀಲಗಂಗಮ್ಮ ಇನ್ನೊಂದು ಕೊಡ ಸುರಿದಳು. ಮೋಹನನ ಕಾಲು ಜಾರಿತು. ಕಲ್ಲು ಕೈತಪ್ಪಿ ಹಾರಿ, ಮೋಹನನ ಮನೆಯ ಗೇಟಿನ ಎದುರಿಗೇ ಕೆಸರಲ್ಲಿ ನೆಟ್ಟಗೆ ನಿಂತುಕೊಂಡಿತು.

"ಜಾಗ ತೋರ್ಸ್ಬುಟ್ಳು ನಮ್ಮವ್ವ!" ಎಂದು ಜನ ಕೂಗಿದರು.

ಮೋಹನ ಕೆಸರಿನಿಂದ ಏಳುವಷ್ಟರಲ್ಲಿ ಕಲ್ಲಿಗೆ ಅರಿಶಿನ ಮೆತ್ತಿ, ಕುಂಕುಮವಿಟ್ಟು, ಕಾಯಿ ಒಡೆದಾಗಿತ್ತು. ಮೇಡಂ ಚಪ್ಪಲಿ ಬಿಟ್ಟು ಕೈಮುಗಿದು, ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡರು. "ದೇವರು ಕೂತಿರೋ ಜಾಗಾನ ನಾನು ಅಳೆಯಲ್ಲಪ್ಪ. ನೀವು ನೀವೇ ಮಾತಾಡ್ಕೊಳ್ಳಿ" ಎಂದು ಸ್ಕೂಟರ್ ಹತ್ತಿದರು.

ಮಾತಾಡಿಕೊಳ್ಳಬೇಕಂತೆ! ಮೋಹನನಿಗೆ ಹುಚ್ಚೇ ಹಿಡಿಯಿತು. ಎರಡು ಬೆರಳು ಬಾಯಿಗೆ ಹಾಕಿ, ಗುಂಡಿನ ತಿರುಪು ಬಿಚ್ಚಿ, ಕಡ್ಡಿಯನ್ನು ಎಳೆದೇ ಎಳೆದ. ಪ್ರಾಣ ಹೋದಂತಾಯಿತು. ನೆತ್ತರಾದ ಅಂಗೈ ಚಾಚಿ, "ನೋಡ್ರೋ! ಆಥನದ್ ಅಂಗ್ಡೀದು! ದೇವ್ರೂ ಇಲ್ಲ, ದಿಂಡ್ರೂ ಇಲ್ಲ!" ಎಂದು ಕೂಗಿದ.

ನೀಲಗಂಗಮ್ಮ ಮೆಲ್ಲಗೆ ಬಂದು ಅದನ್ನೆತ್ತಿ, ನೀರಲ್ಲಿ ತೊಳೆದು, ಕಲ್ಲಿನ ಅರಿಶಿನಕ್ಕೆ ಮೂಗಿನ ಜಾಗ ನೋಡಿ ಒತ್ತಿದಳು. "ತಾಯಿ ನತ್ತು ಕೇಳವ್ಳೆ ಕಣ್ರೋ. ಮಗ ನಾಲ್ಗೇಲಿ ಹೊತ್ಕಂಡ್ ಬಂದವ್ನೆ." ಗುಂಡು ಫಳಕ್ಕೆಂದಿತು. ನಿಜ ಹೇಳಬೇಕೆಂದರೆ, ಕಲ್ಲಿಗೆ ಆಗ ಮುಖದ ಕಳೆಯೇ ಬಂದುಬಿಟ್ಟಿತು.

ಆಗಲೇ ಪರಮೇಶ್ ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ ಆರತಿ ತಟ್ಟೆ ಹಿಡಿದು ಜಗಲಿಯಿಂದ ಇಳಿದ. ಪೂಜಾರಿಕೆ ತನ್ನದೇ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿಕೊಂಡಿದ್ದ. ಮೋಹನನ ಬೆನ್ನು ಸವರಿ, "ಸ್ಯಾನೆ ಮಾತಾಡ್ಬ್ಯಾಡ ಕಣ್ಲಾ, ಗಾಯ ಮಾಯ್ಲಿ. ಬರೋ ವರ್ಸನೂ ನೀನೇ ಚುಚ್ಸ್ಕಬೇಕಲ್ಲ" ಅಂದ.

ಮೋಹನ ಕಲ್ಲು ದಾಟಿ ಒಳಗೆ ಹೋಗಿ, ಇನ್ನು ಹೊರಗೆ ಬಾರದ ತನ್ನ ಆಟೋದಲ್ಲಿ ಕೂತು, ಬೈಯಬೇಕಾದ್ದನ್ನೆಲ್ಲ ಸೇರಿಸಿ ಹಾರ್ನ್ ಒತ್ತಿ ಹಿಡಿದ.

ಹೊಸ ಗುಡಿಗೆ ಗಂಟೆಯಿರಲಿಲ್ಲ. ಹಾರ್ನ್ ಕೇಳಿದ್ದೇ ಪರಮೇಶ್ ಕಣ್ಣು ಮುಚ್ಚಿ ಮಂಗಳಾರತಿ ಎತ್ತಿದ.